ಹಾಡಿದವರು ಒಬ್ಬರು, ಒಡೆಯರು ಇನ್ನೊಬ್ಬರು
ಅಮೆರಿಕದ ಕಪ್ಪು ಜನರ ಸಂಗೀತ: ಒಬ್ಬ ವಾಣಿಜ್ಯ ವಿದ್ಯಾರ್ಥಿಯ ಟಿಪ್ಪಣಿ

ನಮ್ಮ ಅಕೌಂಟೆನ್ಸಿ ಪಾಠದಲ್ಲಿ ಕಣ್ಣಿಗೆ ಕಾಣದ ಆಸ್ತಿಗಳ ಪಟ್ಟಿಯೊಂದು ಬರುತ್ತದೆ: ಗುಡ್‌ವಿಲ್, ಪೇಟೆಂಟ್, ಟ್ರೇಡ್‌ಮಾರ್ಕ್, ಕಾಪಿರೈಟ್. ಗುಡ್‌ವಿಲ್ ಮೇಲೆ ಲೆಕ್ಕ ಕೇಳುತ್ತಾರೆ, ಆದ್ದರಿಂದ ಅದನ್ನು ಚೆನ್ನಾಗಿ ಓದುತ್ತೇವೆ. ಉಳಿದವನ್ನು ಒಂದು ಸಲ ನೋಡಿ ಮುಂದೆ ಹೋಗುತ್ತೇವೆ. ಆದರೆ ಕಾಪಿರೈಟ್ ಎಂಬ ಆ ಪದದ ಹಿಂದೆ ಅಮೆರಿಕದ ಕಪ್ಪು ಜನರ ನೂರು ವರ್ಷಗಳ ಕಥೆಯಿದೆ. ಜಗತ್ತು ಇಂದು ಕೇಳುವ ಪಾಪ್, ರಾಕ್, ಸೋಲ್, ರಾಪ್ ಸಂಗೀತದ ಬೇರು ಅವರ ಚರ್ಚ್‌ಗಳಲ್ಲಿ ಮತ್ತು ಹತ್ತಿಯ ಹೊಲಗಳಲ್ಲಿದೆ. ಹಾಗಿದ್ದರೂ ಅದರ ಹಣ ಬಹಳ ಕಾಲ ಅವರ ಮನೆಗೆ ಬರಲಿಲ್ಲ. ಏಕೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ಧರ್ಮ, ವರ್ಣ ಮತ್ತು ಅರ್ಥಶಾಸ್ತ್ರ ಮೂರನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಸಂಗೀತ ಕೇಳುವುದು ಸರಿಯೇ ತಪ್ಪೇ ಎಂಬ ಬಗ್ಗೆ ನಮ್ಮ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಅದರ ತೀರ್ಪು ಕೊಡುವಷ್ಟು ನಾನು ಓದಿದವನಲ್ಲ. ನಾನು ಇಲ್ಲಿ ಬರೆಯುತ್ತಿರುವುದು ದುಡಿಮೆ ಮತ್ತು ಕೂಲಿಯ ಬಗ್ಗೆ.

ಒಂದು ಹಾಡು, ಎರಡು ಆಸ್ತಿ

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ರೆಕಾರ್ಡ್ ಆದ ಪ್ರತಿಯೊಂದು ಹಾಡಿನಲ್ಲೂ ಎರಡು ಆಸ್ತಿಗಳಿರುತ್ತವೆ. ಒಂದು, ಸಾಹಿತ್ಯ ಮತ್ತು ರಾಗ. ಇದರ ಹಕ್ಕನ್ನು ಪಬ್ಲಿಷಿಂಗ್ ಎನ್ನುತ್ತಾರೆ. ಇನ್ನೊಂದು, ಸ್ಟುಡಿಯೋದಲ್ಲಿ ಮುದ್ರಿಸಿದ ಧ್ವನಿ. ಇದಕ್ಕೆ ಮಾಸ್ಟರ್ ಎಂದು ಹೆಸರು. ಗಾಯಕಿ ಟೇಲರ್ ಸ್ವಿಫ್ಟ್ ಅವರ ಮೊದಲ ಆರು ಆಲ್ಬಮ್‌ಗಳ ಮಾಸ್ಟರ್‌ಗಳು 2019ರಲ್ಲಿ ಬೇರೆಯವರ ಕೈ ಸೇರಿದಾಗ ಅವರು 2021ರಿಂದ ಹಳೆಯ ಹಾಡುಗಳನ್ನೇ ಹೊಸದಾಗಿ ಹಾಡಿ ಬಿಡುಗಡೆ ಮಾಡಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಹಾಡು ಬರೆದವರು ಅವರೇ ಆಗಿದ್ದರಿಂದ ಮೊದಲ ಆಸ್ತಿಯಲ್ಲಿ ಅವರಿಗೆ ಹಕ್ಕಿತ್ತು. ಕಳೆದುಕೊಂಡಿದ್ದು ಎರಡನೆಯದನ್ನು. 2025ರಲ್ಲಿ ಅದನ್ನೂ ಕೊಂಡುಕೊಂಡರು.

ಇನ್ನು ಕಂಪನಿಗಳ ಲೆಕ್ಕ ಹೇಗಿರುತ್ತದೆ ನೋಡೋಣ. ಒಂದು ರೆಕಾರ್ಡಿನ ಬೆಲೆ 100 ರೂಪಾಯಿ, ಗಾಯಕನ ರಾಯಲ್ಟಿ 5 ರೂಪಾಯಿ ಎಂದುಕೊಳ್ಳಿ. ಕಂಪನಿ ಗಾಯಕನಿಗೆ 2 ಲಕ್ಷ ಮುಂಗಡ ಕೊಟ್ಟು, ಸ್ಟುಡಿಯೋಗೆ 3 ಲಕ್ಷ ಖರ್ಚು ಮಾಡಿತು. ಈ 5 ಲಕ್ಷವನ್ನೂ ಗಾಯಕನ ರಾಯಲ್ಟಿಯಿಂದಲೇ ಮುರಿದುಕೊಳ್ಳುತ್ತಾರೆ. ಅಂದರೆ ಒಂದು ಲಕ್ಷ ರೆಕಾರ್ಡ್ ಮಾರಾಟವಾಗುವವರೆಗೆ ಗಾಯಕನಿಗೆ ಮುಂಗಡ ಬಿಟ್ಟು ಒಂದು ಪೈಸೆಯೂ ಬರುವುದಿಲ್ಲ. ಅಷ್ಟರಲ್ಲಿ ಒಟ್ಟು ಮಾರಾಟ 1 ಕೋಟಿ ಮುಟ್ಟಿರುತ್ತದೆ. ಸಾಲ ತೀರಿದ ಮೇಲೂ ಮಾಸ್ಟರ್ ಕಂಪನಿಯದೇ. ಆಟೋದ ಕಂತೆಲ್ಲ ಕಟ್ಟಿ ಮುಗಿಸಿದ ಮೇಲೂ ಆರ್‌ಸಿ ಫೈನಾನ್ಸ್‌ನವರ ಹೆಸರಿನಲ್ಲೇ ಉಳಿದರೆ ಹೇಗೋ ಹಾಗೆ.

ತಾವೇ ಆಸ್ತಿಯಾಗಿದ್ದವರು

ಕಪ್ಪು ಜನರ ವಿಷಯದಲ್ಲಿ ಈ ಒಡೆತನದ ಪ್ರಶ್ನೆಗೆ ಇನ್ನೂ ಹಿಂದಿನ ಕಾಲದ ನೆನಪಿದೆ. ಗುಲಾಮಗಿರಿಯ ಕಾಲದಲ್ಲಿ ಅವರಿಗೆ ಆಸ್ತಿಯ ಹಕ್ಕು ಇರಲಿಲ್ಲ. ಕಾನೂನಿನ ಕಣ್ಣಿನಲ್ಲಿ ಅವರೇ ಬೇರೆಯವರ ಆಸ್ತಿಯಾಗಿದ್ದರು.

ಪಶ್ಚಿಮ ಆಫ್ರಿಕಾದಿಂದ ಹಾಗೆ ಸಾಗಿಸಲ್ಪಟ್ಟವರಲ್ಲಿ ಮುಸ್ಲಿಮರೂ ಇದ್ದರು. ಅವರಲ್ಲಿ ಒಬ್ಬರು ಉಮರ್ ಇಬ್ನ್ ಸಈದ್. ಈಗಿನ ಸೆನೆಗಲ್ ಭಾಗದ ಈ ವಿದ್ವಾಂಸರನ್ನು 1807ರಲ್ಲಿ ಚಾರ್ಲ್ಸ್‌ಟನ್ ಬಂದರಿಗೆ ತಂದು ಮಾರಿದರು. 1831ರಲ್ಲಿ ಅವರು ತಮ್ಮ ಜೀವನಕಥೆಯನ್ನು ಅರಬಿಯಲ್ಲಿ ಬರೆದರು. ಆ ಹಸ್ತಪ್ರತಿ ಇಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಅದು ಆರಂಭವಾಗುವುದು ಸೂರಃ ಅಲ್ ಮುಲ್ಕ್‌ನಿಂದ. ಮುಲ್ಕ್ ಎಂದರೆ ಆಧಿಪತ್ಯ, ಒಡೆತನ. ನಮ್ಮ ಮನೆಗಳಲ್ಲಿ ಆಸ್ತಿಗೆ ಹೇಳುವ ಮಿಲ್ಕಿಯತ್ ಎಂಬ ಉರ್ದು ಪದವೂ ಅದೇ ಧಾತುವಿನಿಂದ ಬಂದದ್ದು. ಎಲ್ಲದರ ನಿಜವಾದ ಒಡೆಯ ಅಲ್ಲಾಹನೇ ಎಂದು ಸಾರುವ ಸೂರಃವನ್ನು, ಇನ್ನೊಬ್ಬ ಮನುಷ್ಯನ ಸ್ವತ್ತಾಗಿದ್ದ ವ್ಯಕ್ತಿ ತನ್ನ ಕಥೆಯ ಮೊದಲಿಗೆ ಬರೆದರು. ಉಮರ್ ಗುಲಾಮರಾಗಿಯೇ ತೀರಿಕೊಂಡರು.

ಹೊಲದಲ್ಲಿ ದುಡಿಯುವಾಗ ದನಿ ಎಳೆದು ಕೂಗುತ್ತಿದ್ದ ಹಾಡುಗಳಲ್ಲಿ ಪಶ್ಚಿಮ ಆಫ್ರಿಕಾದ ಮುಸ್ಲಿಮರ ಪಠಣದ ಧಾಟಿಯ ಛಾಯೆ ಇದೆ ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಎಲ್ಲರೂ ಒಪ್ಪುವುದಿಲ್ಲ. ಆದರೆ ಆ ಕೂಗು ಬ್ಲೂಸ್‌ಗೆ ದಾರಿಯಾಯಿತು, ಚರ್ಚ್‌ನ ಸಮೂಹಗಾನ ಗಾಸ್ಪೆಲ್ ಆಯಿತು ಎಂಬುದನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ.

ಬೇರೆ ಪಟ್ಟಿ

1920ರಲ್ಲಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿಯ 'ಕ್ರೇಜಿ ಬ್ಲೂಸ್' ರೆಕಾರ್ಡ್ ನಿರೀಕ್ಷೆ ಮೀರಿ ಮಾರಾಟವಾಯಿತು. ಕಪ್ಪು ಜನರೂ ದುಡ್ಡು ಕೊಟ್ಟು ರೆಕಾರ್ಡ್ ಕೊಳ್ಳುತ್ತಾರೆ ಎಂದು ಕಂಪನಿಗಳಿಗೆ ಗೊತ್ತಾಯಿತು. ಕೂಡಲೇ ಅವರಿಗಾಗಿ 'ರೇಸ್ ರೆಕಾರ್ಡ್ಸ್' ಎಂಬ ಬೇರೆಯೇ ಸಾಲು ಶುರುವಾಯಿತು. ಬಿಲ್‌ಬೋರ್ಡ್ ಪತ್ರಿಕೆ ತನ್ನ ಪಟ್ಟಿಗೂ ಅದೇ ಹೆಸರಿಟ್ಟುಕೊಂಡಿತ್ತು. 1949ರಲ್ಲಿ ಅದನ್ನು 'ರಿದಮ್ ಅಂಡ್ ಬ್ಲೂಸ್' ಎಂದು ಬದಲಾಯಿಸಿದರು. ಹೆಸರು ಬದಲಾದರೂ ಪಟ್ಟಿ ಬೇರೆಯಾಗಿಯೇ ಉಳಿಯಿತು. ಒಂದೇ ಸರಕನ್ನು ಎರಡು ಮಾರುಕಟ್ಟೆಗಳಲ್ಲಿ ಎರಡು ಬೆಲೆಗೆ ಮಾರುವುದನ್ನು ನಾವು ಅರ್ಥಶಾಸ್ತ್ರದಲ್ಲಿ ಬೆಲೆ ತಾರತಮ್ಯ ಎಂದು ಓದುತ್ತೇವೆ. ಇಲ್ಲಿ ತಾರತಮ್ಯ ಸರಕಿಗಿಂತ ದುಡಿದವರ ಮೇಲೆ ನಡೆಯಿತು.

'ಹೌಂಡ್ ಡಾಗ್' ಎಂಬ ಹಾಡು ಇದಕ್ಕೆ ಉದಾಹರಣೆ. 1952ರಲ್ಲಿ ಇದನ್ನು ಮೊದಲು ಹಾಡಿದವರು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಗಾಯಕಿ. ಕಪ್ಪು ಜನರ ಪಟ್ಟಿಯಲ್ಲಿ ಅದು ವಾರಗಟ್ಟಲೆ ಮೊದಲ ಸ್ಥಾನದಲ್ಲಿತ್ತು. 1956ರಲ್ಲಿ ಎಲ್ವಿಸ್ ಪ್ರೀಸ್ಲಿ ಹಾಡಿದಾಗ ಇಡೀ ದೇಶಕ್ಕೆ ಗೊತ್ತಾಯಿತು. ಆ ಹಾಡು ಬರೆದ ಲೀಬರ್ ಮತ್ತು ಸ್ಟಾಲರ್ ಎಂಬ ಇಬ್ಬರು ಬಿಳಿಯ ಯುವಕರಿಗೆ ಅದನ್ನು ಬರೆದಾಗ ವಯಸ್ಸು ಕೇವಲ 19. ಕಾನೂನಿನ ಪ್ರಕಾರ ಎಲ್ವಿಸ್ ರೆಕಾರ್ಡಿನಿಂದ ರಾಯಲ್ಟಿ ಹೋಗಬೇಕಾದದ್ದು ಹಾಡು ಬರೆದವರಿಗೆ. ಆ ಹಾಡಿಗೆ ತನ್ನ ದನಿಯಿಂದ ರೂಪ ಕೊಟ್ಟ ಥಾರ್ನ್‌ಟನ್‌ಗೆ ಅದರಲ್ಲಿ ಪಾಲಿಲ್ಲ. ಇಲ್ಲಿ ಎಲ್ವಿಸ್ ಕದ್ದರು ಎನ್ನುವುದು ಸರಿಯಲ್ಲ. ಅವರೂ ಬಡತನದಲ್ಲಿ, ಚರ್ಚ್‌ನ ಹಾಡು ಕೇಳುತ್ತಾ ಬೆಳೆದವರು. ಬಾಗಿಲು ಯಾರಿಗೆ ತೆರೆಯುತ್ತದೆ, ಹಕ್ಕು ಯಾರ ಹೆಸರಿನಲ್ಲಿದೆ ಎಂಬ ಎರಡು ನಿಯಮಗಳೇ ಎಲ್ಲವನ್ನೂ ತೀರ್ಮಾನಿಸಿದವು.

ಚರ್ಚ್ ಮತ್ತು ಮಾರುಕಟ್ಟೆ

ಈ ನಿಯಮಗಳನ್ನು ಬೇಗನೆ ಅರ್ಥ ಮಾಡಿಕೊಂಡ ಒಬ್ಬರು ಥಾಮಸ್ ಡಾರ್ಸಿ. ಪಾದ್ರಿಯ ಮಗನಾದ ಅವರು ಮೊದಲು ಬ್ಲೂಸ್ ಪಿಯಾನೋ ನುಡಿಸುತ್ತಿದ್ದರು. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿ, ಅದರ ಬೆನ್ನಿಗೇ ಹಸುಗೂಸು ತೀರಿಕೊಂಡಾಗ ಆ ದುಃಖದಲ್ಲಿ ಬರೆದ 'ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್' ಎಂಬ ಪ್ರಾರ್ಥನಾಗೀತೆ ಇಂದಿಗೂ ಚರ್ಚ್‌ಗಳಲ್ಲಿ ಕೇಳಿಬರುತ್ತದೆ. ಅದೇ ವರ್ಷ ಷಿಕಾಗೋದಲ್ಲಿ ಅವರು ಗಾಸ್ಪೆಲ್ ಹಾಡುಗಳ ಸ್ವಂತ ಪ್ರಕಾಶನವನ್ನೂ ತೆರೆದರು. ಭಕ್ತಿಯೂ ಲೆಕ್ಕಪುಸ್ತಕವೂ ಒಬ್ಬರ ಕೈಯಲ್ಲೇ ಇದ್ದವು.

ಮೊದಮೊದಲು ಹಲವು ಚರ್ಚ್‌ಗಳು ಡಾರ್ಸಿಯ ಹಾಡುಗಳನ್ನು ಒಪ್ಪಲಿಲ್ಲ. ಅದರಲ್ಲಿ ಬ್ಲೂಸ್‌ನ ವಾಸನೆಯಿದೆ ಎಂಬುದು ಹಿರಿಯರ ದೂರು. ಇತ್ತ ಮಹಾಲಿಯಾ ಜಾಕ್ಸನ್ ಎಷ್ಟು ಹಣ ಕೊಡುತ್ತೇವೆಂದರೂ ಲೌಕಿಕ ಹಾಡು ಹಾಡಲು ಒಪ್ಪಲಿಲ್ಲ. ಪಾದ್ರಿಯ ಮಗ ಸ್ಯಾಮ್ ಕುಕ್ ತಮ್ಮ ಮೊದಲ ಲೌಕಿಕ ಹಾಡನ್ನು ಚರ್ಚ್‌ನವರಿಗೆ ಬೇಸರವಾದೀತೆಂದು ಬೇರೆ ಹೆಸರಿನಲ್ಲಿ ಬಿಡುಗಡೆ ಮಾಡಿದರು. ನಾತ್‌ಗೆ ಸಿನಿಮಾ ಧಾಟಿ ಹಾಕಬಾರದು ಎಂಬ ಚರ್ಚೆ ನಮ್ಮ ಮನೆಯಲ್ಲೂ ನಡೆದಿರುವುದರಿಂದ ಈ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಆದರೆ ನನಗನಿಸುವುದು ಇಷ್ಟು: ಹಾಡಿದ್ದು ಪಾಪವೇ ಎಂದು ಕೇಳುವುದು ಹೇಗೆ ಧರ್ಮದ ಪ್ರಶ್ನೆಯೋ, ಹಾಡಿದವರಿಗೆ ಲೆಕ್ಕ ಸರಿಯಾಗಿ ಸಂದಿದೆಯೇ ಎಂದು ಕೇಳುವುದೂ ಹಾಗೆಯೇ ಧರ್ಮದ ಪ್ರಶ್ನೆ. ಸ್ಯಾಮ್ ಕುಕ್ ಇದನ್ನು ತಿಳಿದಿದ್ದರು. ಹೆಸರು ಬಂದ ಕೂಡಲೇ ಅವರು ಗೆಳೆಯ ಜೆ. ಡಬ್ಲ್ಯೂ. ಅಲೆಕ್ಸಾಂಡರ್ ಜೊತೆ ಸ್ವಂತ ಪಬ್ಲಿಷಿಂಗ್ ಕಂಪನಿ, ಸ್ವಂತ ರೆಕಾರ್ಡ್ ಕಂಪನಿ ಎರಡನ್ನೂ ಕಟ್ಟಿದರು. ಅದೇ ಸಮಯದಲ್ಲಿ ಅಂಧ ಗಾಯಕ ರೇ ಚಾರ್ಲ್ಸ್ ಹೊಸ ಕಂಪನಿಗೆ ಸೇರುವಾಗ ಮಾಸ್ಟರ್‌ಗಳು ತಮಗೇ ಸೇರಬೇಕೆಂದು ಒಪ್ಪಂದದಲ್ಲಿ ಬರೆಸಿಕೊಂಡರು.

800 ಡಾಲರ್ ಸಾಲ

ಡೆಟ್ರಾಯಿಟ್ ಕಾರು ಕಾರ್ಖಾನೆಗಳ ಊರು. ಅಲ್ಲಿ ಜೋಡಣೆ ಸಾಲಿನಲ್ಲಿ ಕೆಲಸ ಮಾಡಿದ್ದ ಬೆರಿ ಗಾರ್ಡಿ 1959ರ ಜನವರಿಯಲ್ಲಿ 800 ಡಾಲರ್ ಸಾಲದಿಂದ ರೆಕಾರ್ಡ್ ಕಂಪನಿ ಆರಂಭಿಸಿದರು. ಸಾಲ ಕೊಟ್ಟದ್ದು ಬ್ಯಾಂಕ್ ಅಲ್ಲ, ಅವರ ಮನೆಯವರೇ ಸೇರಿ ಹಣ ಕೂಡಿಸುತ್ತಿದ್ದ ಕುಟುಂಬ ನಿಧಿ. ನಮ್ಮ ಮನೆಗಳ ಚೀಟಿ ಗೊತ್ತಿರುವವರಿಗೆ ಇದರ ಬೆಲೆ ಗೊತ್ತು. ಅದೇ ಮುಂದೆ ಮೋಟೌನ್ ಆಯಿತು. ಕಾರ್ಖಾನೆಯಂತೆಯೇ ಅಲ್ಲಿ ಗುಣಮಟ್ಟ ಪರೀಕ್ಷಿಸುವ ಸಭೆಗಳು ನಡೆಯುತ್ತಿದ್ದವು. ಅಲ್ಲಿ ಪಾಸಾದ ಹಾಡು ಮಾತ್ರ ಹೊರಗೆ. ಕಪ್ಪು ಜನರ ಹಾಡನ್ನು ಬೇರೆ ಪಟ್ಟಿಯಿಂದ ಹೊರತಂದು ಎಲ್ಲ ಯುವಜನರ ಹಾಡಾಗಿ ಮಾರುವುದು ಅವರ ಗುರಿಯಾಗಿತ್ತು, ಅದರಲ್ಲಿ ಗೆದ್ದರು.

ಈಗ ಲೆಕ್ಕ ನೋಡಿ. 1988ರಲ್ಲಿ ಗಾರ್ಡಿ ಮೋಟೌನ್ ಕಂಪನಿಯನ್ನು 6.1 ಕೋಟಿ ಡಾಲರ್‌ಗೆ ಮಾರಿದರು. ಆದರೆ ಹಾಡುಗಳ ಪಬ್ಲಿಷಿಂಗ್ ಹಕ್ಕಿದ್ದ ಜೋಬೀಟ್ ಎಂಬ ಸಂಸ್ಥೆಯನ್ನು ತಮ್ಮಲ್ಲೇ ಇಟ್ಟುಕೊಂಡರು. 1997ರಲ್ಲಿ ಅದರ ಅರ್ಧ ಪಾಲು ಮಾತ್ರ 13.2 ಕೋಟಿ ಡಾಲರ್‌ಗೆ ಹೋಯಿತು. ಮಾಸ್ಟರ್‌ಗಳ ಸಮೇತ ಇಡೀ ಕಂಪನಿಗೆ ಸಿಕ್ಕಿದ್ದಕ್ಕಿಂತ, ಕಣ್ಣಿಗೆ ಕಾಣದ ಹಕ್ಕಿನ ಅರ್ಧಕ್ಕೇ ಎರಡು ಪಟ್ಟಿಗಿಂತ ಹೆಚ್ಚು!

ಒಡೆಯ ನಮ್ಮವನಾದರೆ ಸಾಕೇ? ಮೋಟೌನ್ ಅದಕ್ಕೂ ಉತ್ತರ ಕೊಡುತ್ತದೆ. ಅದರ ನೂರಾರು ಹಾಡುಗಳಿಗೆ ವಾದ್ಯ ನುಡಿಸಿದ 'ಫಂಕ್ ಬ್ರದರ್ಸ್' ಹೆಸರು 1971ರವರೆಗೆ ಆಲ್ಬಮ್‌ಗಳ ಮೇಲೆ ಬರಲಿಲ್ಲ. ಅತಿ ಹೆಚ್ಚು ಗೆಲುವು ತಂದ ಹಾಲೆಂಡ್, ಡೋಜಿಯರ್, ಹಾಲೆಂಡ್ ಎಂಬ ಮೂವರು ರಚನೆಕಾರರು ಹಣದ ತಕರಾರಿನಿಂದ ಹೊರನಡೆದು ಕೋರ್ಟಿಗೂ ಹೋದರು. ಬಾಲ್ಯದಿಂದಲೇ ಅಲ್ಲಿದ್ದ ಸ್ಟೀವಿ ವಂಡರ್ 1971ರಲ್ಲಿ 21 ತುಂಬಿದಾಗ ಹಳೆಯ ಒಪ್ಪಂದ ಬಿಟ್ಟು ಹೊಸ ಷರತ್ತುಗಳ ಮೇಲೆ ಸಹಿ ಹಾಕಿದರು. ಜನಾಂಗ ಒಂದೇ ಆದರೂ ಲೆಕ್ಕ ಲೆಕ್ಕವೇ.

ಗೌರವದ ಹಾಡಿಗೆ ಸಿಗದ ಹಣ

ಅರೀಥಾ ಫ್ರಾಂಕ್ಲಿನ್ ಕೂಡ ಡೆಟ್ರಾಯಿಟ್‌ನವರೇ, ಪ್ರಸಿದ್ಧ ಪಾದ್ರಿಯ ಮಗಳು. 1967ರಲ್ಲಿ ಅವರು ಹಾಡಿದ 'ರೆಸ್ಪೆಕ್ಟ್' ಕಪ್ಪು ಜನರ ಮತ್ತು ಮಹಿಳೆಯರ ಹೋರಾಟದ ಗೀತೆಯಾಯಿತು. ಹೆಸರಿನ ಅರ್ಥ ಗೌರವ. ಅದನ್ನು ಬರೆದವರು ಓಟಿಸ್ ರೆಡಿಂಗ್. ಅಮೆರಿಕದ ಕಾನೂನಿನಲ್ಲಿ ಸಾಮಾನ್ಯ ರೇಡಿಯೋ ಕೇಂದ್ರ ಹಾಡು ಪ್ರಸಾರ ಮಾಡಿದರೆ ಬರೆದವರ ಪಾಲಿಗೆ ಹಣ ಕಟ್ಟಬೇಕು, ಹಾಡಿದವರಿಗೆ ಕೊಡಬೇಕಿಲ್ಲ. ಹೀಗಾಗಿ ದೇಶದ ರೇಡಿಯೋಗಳಲ್ಲಿ ಆ ಹಾಡು ಎಷ್ಟು ಸಾವಿರ ಸಲ ಬಂದರೂ ಆ ಪ್ರಸಾರದಿಂದ ಅರೀಥಾ ಅವರಿಗೆ ರಾಯಲ್ಟಿ ಇರಲಿಲ್ಲ. 2018ರಲ್ಲಿ ಅವರು ತೀರಿಕೊಳ್ಳುವವರೆಗೂ ಈ ನಿಯಮ ಬದಲಾಗಲಿಲ್ಲ. ಈ ನಿಯಮ ಕಪ್ಪು, ಬಿಳಿ ಎಂದು ಹೆಸರು ಹೇಳುವುದಿಲ್ಲ. ಆದರೆ ದನಿಯಿದ್ದೂ ಕಾಗದದ ಮೇಲಿನ ಹಕ್ಕು ಇಲ್ಲದವರಿಗೇ ಅದರ ಪೆಟ್ಟು ಹೆಚ್ಚು.

ನಮಗೆ ಇದರಲ್ಲೇನಿದೆ?

ನನ್ನ ಅಮ್ಮಿ ಮನೆಯಲ್ಲಿ ಸೀರೆಗಳಿಗೆ ಕುಚ್ಚು ಕಟ್ಟುತ್ತಾರೆ. ಒಂದು ಸೀರೆಗೆ ಇಷ್ಟು ಎಂದು ಕೂಲಿ. ಗಿರಾಕಿಯಿಂದ ಅಂಗಡಿಯವರು ಎಷ್ಟು ತೆಗೆದುಕೊಳ್ಳುತ್ತಾರೆಂಬುದು ನಮಗೆ ಗೊತ್ತಾಗುವುದಿಲ್ಲ. ಒಂದು ಸಲ ಹಳೆಯ ಬಾಕಿ ಕೇಳಿದಾಗ ಬರಹದಲ್ಲಿ ಏನೂ ಇರಲಿಲ್ಲ, 14 ಸೀರೆಗಳ ಕೂಲಿ ಹೋಯಿತು. ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ತಾರೀಖು, ಸೀರೆಗಳ ಸಂಖ್ಯೆ, ದರ, ಕೊಟ್ಟ ಹಣ ಎಲ್ಲವನ್ನೂ ನಾನು ಬರೆಯುತ್ತೇನೆ, ತೆಗೆದುಕೊಂಡು ಹೋಗುವವರಿಂದ ಸಹಿ ಹಾಕಿಸುತ್ತೇನೆ. ಆಮೇಲೆ ಬಾಕಿ ಉಳಿದಿಲ್ಲ.

ಕುರ್‌ಆನಿನ ಅತಿ ದೀರ್ಘ ಆಯತ್ ಸೂರಃ ಅಲ್ ಬಕರದ 282ನೆಯದು. ಅದರ ವಿಷಯ ನಮಾಝ್ ಅಲ್ಲ, ಉಪವಾಸ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು ಎಂಬುದು. ಕೂಲಿಯವನ ಬೆವರು ಆರುವ ಮೊದಲೇ ಕೂಲಿ ಸಲ್ಲಿಸಬೇಕೆಂಬ ಹದೀಸನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಥಾರ್ನ್‌ಟನ್, ಅರೀಥಾ ಇವರ ಬೆವರು ಆರಿ ಎಷ್ಟೋ ವರ್ಷಗಳಾದವು. ನಮ್ಮ ದೇಶದಲ್ಲಿ 2012ರ ಕಾಪಿರೈಟ್ ತಿದ್ದುಪಡಿಯು, ಸಿನಿಮಾ ಹಾಡು ಬರೆದವರೂ ರಾಗ ಹಾಕಿದವರೂ ತಮ್ಮ ರಾಯಲ್ಟಿಯ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡಲು ಬಾರದಂತೆ ಮಾಡಿತು. ಇದಕ್ಕಾಗಿ ರಾಜ್ಯಸಭೆಯಲ್ಲಿ ದನಿ ಎತ್ತಿದವರು ಕವಿ ಜಾವೇದ್ ಅಖ್ತರ್.

ನಮ್ಮ ಕಾಲೇಜಿನಲ್ಲೂ ಚೆನ್ನಾಗಿ ಹಾಡುವವರು, ಶಾಯರಿ ಬರೆಯುವವರು, ಮೆಹಂದಿ ವಿನ್ಯಾಸ ಮಾಡುವವರು, ವಿಡಿಯೋ ಎಡಿಟ್ ಮಾಡುವವರು ಇದ್ದಾರೆ. ಯಾರಾದರೂ ನಿಮ್ಮ ಕೆಲಸ ಇಷ್ಟವಾಗಿ ಕಾಗದ ಮುಂದಿಟ್ಟರೆ ಸಂತೋಷಪಡಿ, ಆದರೆ ಮೂರು ಪ್ರಶ್ನೆ ಕೇಳಿ: ಇದರ ಹಕ್ಕು ಯಾರ ಹೆಸರಿನಲ್ಲಿರುತ್ತದೆ? ಎಷ್ಟು ವರ್ಷ? ಖರ್ಚನ್ನು ಯಾರ ಪಾಲಿನಿಂದ ಮುರಿದುಕೊಳ್ಳುತ್ತಾರೆ? ಉತ್ತರ ಅರ್ಥವಾಗದಿದ್ದರೆ ಸಹಿ ಹಾಕುವ ಮುನ್ನ ನಮ್ಮ ವಾಣಿಜ್ಯ ವಿಭಾಗಕ್ಕೆ ಬನ್ನಿ. ಉಪನ್ಯಾಸಕರಿದ್ದಾರೆ, ನಾವೂ ಇದ್ದೇವೆ, ಕೂತು ಒಟ್ಟಿಗೆ ಓದೋಣ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ