ಸೀಸದ ಸೈನಿಕರಿಗೆ ಓಕ್ ಬೀರುವೇ ಶತ್ರು

ಪುಟಾಣಿ ಸೈನ್ಯ ಕಟ್ಟಿ, ಬಣ್ಣ ಹಚ್ಚಿ, ಮೇಜಿನ ಮೇಲೆ ಯುದ್ಧದಾಟ ಆಡೋದು ಹಳೇ ಹವ್ಯಾಸ. ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲೇ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ಇದಕ್ಕೆ ನಿಯಮಗಳನ್ನು ಬರೆದಿದ್ದರು. ಆಗಿನ ಸೈನಿಕರು ಸೀಸದವರು.

ಬ್ರಿಟನ್ಸ್ ಕಂಪನಿ 1893ರಿಂದ ಟೊಳ್ಳು ಸೈನಿಕರನ್ನು ಮಾಡುತ್ತಿತ್ತು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದರೆ, ಅಚ್ಚಿಗೆ ತಾಗಿದ ಪದರ ಮೊದಲು ಗಟ್ಟಿಯಾಗುತ್ತೆ. ತಕ್ಷಣ ಒಳಗಿನ ದ್ರವ ಸುರಿದುಬಿಟ್ಟರೆ ಟೊಳ್ಳು ಗೊಂಬೆ ಸಿದ್ಧ. ಲೋಹ ಕಡಿಮೆ, ಬೆಲೆಯೂ ಕಡಿಮೆ.

ಇಂಥ ಸೈನಿಕರನ್ನು ಜೋಪಾನ ಮಾಡೋಕೆ ಅಂತ ಓಕ್ ಮರದ ಬೀರುವಿನಲ್ಲಿ ಮುಚ್ಚಿಟ್ಟರೆ, ಕ್ರಮೇಣ ಮೈಮೇಲೆ ಬಿಳಿ ಪುಡಿ ಏಳಬಹುದು. ಯಾಕೆ? ಓಕ್ ಮರದಿಂದ ಅಸಿಟಿಕ್ ಆಮ್ಲದ ಆವಿ ಹೊರಡುತ್ತೆ. ವಿನೆಗರ್‌ನಲ್ಲಿರೋ ಹುಳಿಯೇ ಅದು. ಆವಿ ತಾಗಿದ ಸೀಸ ಮೊದಲು ಅಸಿಟೇಟ್ ಆಗುತ್ತೆ. ಆಮೇಲೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಕಾರ್ಬೊನೇಟ್ ಆಗುತ್ತೆ. ಆಗ ಬಿಡುಗಡೆಯಾದ ಆಮ್ಲ ಮತ್ತಷ್ಟು ಸೀಸವನ್ನು ತಿನ್ನುತ್ತೆ. ಹಿಂದೆ ಬಿಳಿ ಬಣ್ಣದ ಪುಡಿಯನ್ನು ಸೀಸ, ವಿನೆಗರ್ ಬಳಸಿ ಬೇಕಂತಲೇ ಹೀಗೆ ತಯಾರಿಸುತ್ತಿದ್ದರು!

ಈ ಪುಡಿ ವಿಷ. ಈಗಿನ ಸೈನಿಕರಲ್ಲಿ ಹೆಚ್ಚಿನವರು ಪ್ಲಾಸ್ಟಿಕ್ಕಿನವರು, ಅವರಿಗೆ ಈ ರೋಗ ಇಲ್ಲ. ಆದರೆ ನೀವಿರೋ ಊರಿನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಪೆಟ್ಟಿಗೆ ಸೀಸದ ಸೈನಿಕರು ಸಿಕ್ಕರೆ, ಪುಡಿಯನ್ನು ಊದಬೇಡಿ, ಒಣಗಿದ್ದಾಗ ಉಜ್ಜಬೇಡಿ. ಕೈಗವಸು ಹಾಕಿಕೊಳ್ಳಿ, ಕೈ ತೊಳೆಯಿರಿ, ಮಕ್ಕಳಿಂದ ದೂರ ಇಡಿ. ಅವರಿಗೆ ಬೇಕಾದದ್ದು ಗಾಜು, ಲೋಹದ ಕಪಾಟು. ಚೆಂದದ ಮರದ ಪೆಟ್ಟಿಗೆಯಲ್ಲ.