ಅಪು ಪಾತ್ರಕ್ಕೆ ಎರಡನೇ ಕರೆ

ತಮ್ಮ ಚಿತ್ರಸರಣಿಯ ನಾಯಕ ಅಪುವಿನ ಪಾತ್ರಕ್ಕೆ ಒಮ್ಮೆ ಆಯ್ಕೆಯಾಗದ ನಟ ಸೌಮಿತ್ರ ಚಟರ್ಜಿಯವರನ್ನೇ ನಿರ್ದೇಶಕ ಸತ್ಯಜಿತ್ ರಾಯ್ ಮತ್ತೆ ಕರೆದದ್ದೇಕೆ?

ಮೊದಲ ಸಲ ಅಡ್ಡ ಬಂದದ್ದು ವಯಸ್ಸು. 1956ರ 'ಅಪರಾಜಿತೋ'ದಲ್ಲಿ ಅಪು ಹದಿಹರೆಯದ ಹುಡುಗ. ಸೌಮಿತ್ರರಿಗೆ ಆಗಲೇ ಇಪ್ಪತ್ತು ದಾಟಿತ್ತು. ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಅಳತೆ ಕೂಡದ ಅಂಗಿ ತೊಡಿಸಲಾಗದಲ್ಲ, ಹಾಗೆ. ಮುಂದಿನ ಕಂತು 'ಅಪುರ್ ಸಂಸಾರ್' (1959) ಬರುವಾಗ ಅಪು ಬೆಳೆದು ಗಂಡನೂ ತಂದೆಯೂ ಆಗುತ್ತಾನೆ. ಆಕಾಶವಾಣಿಯಲ್ಲಿ ಉದ್ಘೋಷಕರಾಗಿದ್ದ ಸೌಮಿತ್ರರಿಗೆ ಈ ಪಾತ್ರ ಹೇಳಿ ಮಾಡಿಸಿದಂತಿತ್ತು. ಅದೇ ಅವರ ಮೊದಲ ಚಿತ್ರ.

ಅದೂ ಸೇರಿದಂತೆ ಸೌಮಿತ್ರ ರಾಯ್ ಅವರ 14 ಚಿತ್ರಗಳಲ್ಲಿ ನಟಿಸಿದರು. ಅವರ ಮೇಲೆ ರಾಯ್ ಇಟ್ಟ ನಂಬಿಕೆ ಸುಮ್ಮನೆ ಬಂದದ್ದಲ್ಲ. 'ಚಾರುಲತಾ'ದ (1964) ಅಮಲ್ ಪಾತ್ರಕ್ಕಾಗಿ ಅವರು ರವೀಂದ್ರನಾಥ ಟ್ಯಾಗೋರರಿಗೂ ಹಿಂದಿನ ಕಾಲದ ಬಂಗಾಳಿ ಅಕ್ಷರಗಳನ್ನು ಕೂತು ತಿದ್ದಿದರು. ಎಂಥ ತನ್ಮಯತೆ ನೋಡಿ, ಚಿತ್ರ ಮುಗಿದ ಮೇಲೂ ಅವರ ಸ್ವಂತ ಕೈಬರಹ ತನ್ನ ಮೊದಲಿನ ರೂಪಕ್ಕೆ ಮರಳಲೇ ಇಲ್ಲ.