ಹಾರುವ ವೈದ್ಯರು

1917ರ ಆಗಸ್ಟ್ ತಿಂಗಳು. ಪಶ್ಚಿಮ ಆಸ್ಟ್ರೇಲಿಯದ ಹಾಲ್ಸ್ ಕ್ರೀಕ್ ಎಂಬ ಪುಟ್ಟ ಊರಿಗೆ, ತೀವ್ರವಾಗಿ ಗಾಯಗೊಂಡ ಜಿಮ್ಮಿ ಡಾರ್ಸಿ ಎಂಬ ದನಗಾಹಿ ಯುವಕನನ್ನು ಕರೆತಂದರು. ಊರಿನಲ್ಲಿ ವೈದ್ಯರಿರಲಿಲ್ಲ. ಪ್ರಥಮ ಚಿಕಿತ್ಸೆಯಷ್ಟೇ ಕಲಿತಿದ್ದ ಅಲ್ಲಿನ ಪೋಸ್ಟ್ ಮಾಸ್ಟರ್, ದೂರದ ಪರ್ತ್ ನಗರದ ವೈದ್ಯರು ತಂತಿಯಲ್ಲಿ ಕೊಟ್ಟ ಸೂಚನೆಯಂತೆ ಸಣ್ಣ ಚಾಕುವಿನಿಂದಲೇ ಶಸ್ತ್ರಚಿಕಿತ್ಸೆ ಮಾಡಿದರು. ವೈದ್ಯರೂ ಹಡಗು, ಕಾರು, ಕುದುರೆ ಎಂದು ವಾಹನ ಬದಲಿಸುತ್ತ ಹೊರಟರು. ಅವರು ತಲುಪುವ ಮುನ್ನವೇ ಡಾರ್ಸಿ ಕೊನೆಯುಸಿರೆಳೆದಿದ್ದ.

ಆಗ ಆಸ್ಟ್ರೇಲಿಯದ ಒಳನಾಡಿನಲ್ಲಿ ಸುಮಾರು 20 ಲಕ್ಷ ಚದರ ಕಿಲೋಮೀಟರ್ ಪ್ರದೇಶಕ್ಕೆ ಇದ್ದವರು ಇಬ್ಬರೇ ವೈದ್ಯರು. ಅಲ್ಲಿ ಸೇವೆಯಲ್ಲಿ ತೊಡಗಿದ್ದ ಪಾದ್ರಿ ಜಾನ್ ಫ್ಲಿನ್ ಅವರಿಗೆ ಈ ಸ್ಥಿತಿ ನೆಮ್ಮದಿ ಕೆಡಿಸಿತ್ತು. ಅದೇ ವರ್ಷ ಅವರಿಗೊಂದು ಪತ್ರ ಬಂತು. ಬರೆದವರು ವೈದ್ಯಕೀಯ ಓದುತ್ತಿದ್ದಾಗ ವಾಯುಪಡೆ ಸೇರಿದ್ದ ಕ್ಲಿಫರ್ಡ್ ಪೀಲ್. ವಿಮಾನದಲ್ಲಿ ವೈದ್ಯರನ್ನು ಕಳುಹಿಸಲು ಎಷ್ಟು ಹೊತ್ತು ಹಿಡಿದೀತು, ಎಷ್ಟು ಖರ್ಚಾದೀತು ಎಂದು ಅವರು ಲೆಕ್ಕ ಹಾಕಿ ತಿಳಿಸಿದ್ದರು. ಮರುವರ್ಷ ಪೀಲ್ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಮಡಿದರು.

ಲೆಕ್ಕ ಸಿಕ್ಕಿತು, ಹಣ ಸಿಗಲು ಹತ್ತು ವರ್ಷ ಬೇಕಾಯಿತು. ಫ್ಲಿನ್ ಊರೂರು ಸುತ್ತಿ ದೇಣಿಗೆ ಎತ್ತಿದರು. ಕೃಷಿ ಯಂತ್ರಗಳ ತಯಾರಕ ಎಚ್.ವಿ. ಮೆಕೇ ತಮ್ಮ ಉಯಿಲಿನಲ್ಲಿ ಹಣ ಬರೆದಿಟ್ಟರು. 1928ರ ಮೇ 17ರಂದು ಕ್ವಾಂಟಾಸ್ ಕಂಪನಿಯಿಂದ ಬಾಡಿಗೆಗೆ ಪಡೆದ 'ವಿಕ್ಟರಿ' ಎಂಬ ವಿಮಾನ, ಡಾ. ಸೇಂಟ್ ವಿನ್ಸೆಂಟ್ ವೆಲ್ಚ್ ಅವರನ್ನು ಹೊತ್ತು ಕ್ಲಾಂಕರಿಯಿಂದ ಮೇಲೇರಿತು. ಮೊದಲ ವರ್ಷ 50 ಹಾರಾಟ, 225 ರೋಗಿಗಳು!

ವಿಮಾನವೇನೋ ಬಂತು. ಆದರೆ ಮೂಲೆಯ ಮನೆಯಿಂದ ಕರೆ ಕಳುಹಿಸುವುದು ಹೇಗೆ? ಆಲ್ಫ್ರೆಡ್ ಟ್ರೇಗರ್ ಎಂಬ ಎಂಜಿನಿಯರ್ 1929ರ ಹೊತ್ತಿಗೆ ಇದಕ್ಕೆ ಉತ್ತರ ಸಿದ್ಧಪಡಿಸಿದರು. ಸೈಕಲ್ಲಿನಂತೆ ಪೆಡಲ್ ತುಳಿದರೆ ವಿದ್ಯುತ್ ಹುಟ್ಟಿ ಕೆಲಸ ಮಾಡುವ ರೇಡಿಯೊ ಅದು. ಮುಂದೆ ಮನೆಮನೆಗೆ ಔಷಧದ ಪೆಟ್ಟಿಗೆಗಳೂ ಬಂದವು. ಔಷಧಗಳಿಗೆ ಸಂಖ್ಯೆ ಕೊಟ್ಟಿದ್ದರಿಂದ ವೈದ್ಯರು ರೇಡಿಯೊದಲ್ಲಿ ಸಂಖ್ಯೆ ಹೇಳಿದರೆ ಸಾಕು, ಮನೆಯವರು ಸರಿಯಾದ ಮಾತ್ರೆಯನ್ನೇ ಕೊಡುತ್ತಿದ್ದರು.

ಈ ಸೇವೆ ನಿಂತಿದ್ದು ವೈದ್ಯರು, ಪೈಲಟ್‌ಗಳಿಂದ ಮಾತ್ರವಲ್ಲ. ಜಮೀನಿನವರೇ ನೆಲ ಸಮ ಮಾಡಿ ವಿಮಾನ ಇಳಿಯಲು ಜಾಗ ಸಿದ್ಧಪಡಿಸಿದರು. ರಾತ್ರಿ ರೋಗಿಯಿದ್ದರೆ ಸಾಲಾಗಿ ದೀಪ ಹಚ್ಚಿಟ್ಟು ಕಾದರು. ಮಹಿಳಾ ಸಂಘಗಳು ಹಣ ಕೂಡಿಸಿದವು. ಮುಂದೆ ಸರ್ಕಾರದ ನೆರವು ದೊರೆತರೂ ಸ್ವಯಂಸೇವಕರ ದುಡಿಮೆ ನಿಲ್ಲಲಿಲ್ಲ. 1955ರಲ್ಲಿ ಸಂಸ್ಥೆಯ ಹೆಸರಿಗೆ 'ರಾಯಲ್' ಎಂಬ ಗೌರವ ಸೇರಿತು.

ಇದರಿಂದ ಮಕ್ಕಳಿಗೊಂದು ಶಾಲೆಯೂ ದಕ್ಕಿತು. ಒಳನಾಡಿನ ಮಕ್ಕಳು ಸಂಕೋಚವಿಲ್ಲದೆ ರೇಡಿಯೊದಲ್ಲಿ ಮಾತನಾಡುವುದನ್ನು ಕಂಡ ಶಿಕ್ಷಣತಜ್ಞೆ ಅಡಿಲೇಡ್ ಮೀತ್ಕೆ, ಇದರಲ್ಲೇ ಪಾಠ ಏಕೆ ಮಾಡಬಾರದು ಎಂದು ಯೋಚಿಸಿದರು. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ, ಹಾರುವ ವೈದ್ಯರ ಕೇಂದ್ರದಿಂದಲೇ 'ಆಕಾಶ ಶಾಲೆ' ಆರಂಭವಾಯಿತು.

ಫ್ಲಿನ್ ಅವರ ಚಿತ್ರವಿಂದು ಆಸ್ಟ್ರೇಲಿಯದ 20 ಡಾಲರ್ ನೋಟಿನ ಮೇಲಿದೆ. ಪೀಲ್ ತಮ್ಮ ಲೆಕ್ಕ ನಿಜವಾದುದನ್ನು ನೋಡಲಿಲ್ಲ. ಆದರೆ ಕಲಿತದ್ದನ್ನು ಕಾಣದ ಊರಿನ ಕಷ್ಟಕ್ಕೆ ಅನ್ವಯಿಸಿ ನೋಡಿದ ಆ ಯುವಕನ ಪತ್ರ ಇಂದಿಗೂ ಜೀವ ಉಳಿಸುತ್ತಿದೆ.